‘ಈಗಲೇ ಬೇಡ’ ಅಂದವರಿಗೆಲ್ಲ ಥ್ಯಾಂಕ್ಸ್

ಕಳೆದ ವಾರ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಾನು ಗೋಲು ಹೊಡೆದೆ. ಮಂಡಿಯ ಆಪರೇಷನ್ ಆದ ಮೇಲೆ ಲೀಗ್‌ನಲ್ಲಿ ಇದೇ ಮೊದಲ ಗೋಲು. ಅವತ್ತಿನಿಂದ ಮೆಸೇಜ್‌ಗಳು ಬರುತ್ತಲೇ ಇವೆ. ನಿನ್ನ ಛಲ ದೊಡ್ಡದು, ನಿನ್ನ ಹಟ ದೊಡ್ಡದು ಅಂತ ಎಲ್ಲರೂ ಹೊಗಳುತ್ತಿದ್ದೀರಿ. ನನ್ನ ಹಟಕ್ಕೆ ಬಿಟ್ಟಿದ್ದರೆ ನಾನು ಐದನೇ ತಿಂಗಳಿಗೇ ಬೂಟು ಕಟ್ಟುತ್ತಿದ್ದೆ. ಕಟ್ಟಲು ಬಿಡದವರು ಕೆಲವರಿದ್ದಾರೆ. ಈ ಬರಹ ಅವರಿಗೆ.

ಮಂಡಿಗೆ ಪೆಟ್ಟಾದ ದಿನ ನನ್ನನ್ನು ಯಾರೂ ಒದೆಯಲಿಲ್ಲ, ತಳ್ಳಲೂ ಇಲ್ಲ. ಬಾಕ್ಸ್ ಹೊರಗೆ ಚೆಂಡು ಸಿಕ್ಕಿತು, ಎಡಕ್ಕೆ ತಿರುಗಿದೆ. ಬೂಟಿನ ಅಡಿಯ ಸ್ಟಡ್ ಟರ್ಫ್‌ಗೆ ಕಚ್ಚಿಕೊಂಡಿತು. ಪಾದ ಅಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಹೀಗೇ. ಓಡುತ್ತಾ ಥಟ್ಟನೆ ನಿಲ್ಲುವುದು, ತಿರುಗುವುದು, ಜಿಗಿದು ಇಳಿಯುವುದು. ಫಾರ್ವರ್ಡ್ ಆಡುವವನ ಕೆಲಸವೇ ಅದು ಅಲ್ವಾ? ಏನೂ ಆಗಿಲ್ಲ ಅಂತ ಏಳಲು ಹೋದಾಗ ಎದುರು ತಂಡದ ಗೋಲ್‌ಕೀಪರ್ ಭುಜ ಹಿಡಿದು ಮಲಗಿಸಿದ. ಸ್ಟ್ರೆಚರ್ ಬರುವವರೆಗೂ ಕೈ ಬಿಡಲಿಲ್ಲ. ಅವನ ತಂಡ ಆಗ ಸೋಲುತ್ತಿತ್ತು, ಒಂದೊಂದು ನಿಮಿಷವೂ ಅವರಿಗೆ ಬೇಕಿತ್ತು. ಆದರೂ ಅವನಿಗೆ ಅವಸರ ಇರಲಿಲ್ಲ. ಮೊದಲ ಥ್ಯಾಂಕ್ಸ್ ಅವನಿಗೆ.

ನಮ್ಮಂಥ ಹುಡುಗರಲ್ಲಿ ಹೆಚ್ಚಿನವರಿಗೆ ಕ್ಲಬ್ ಜೊತೆ ಕರಾರು ಒಂದೇ ಸೀಸನ್ನಿನದು. ಸೀಸನ್ ಮುಗಿಯಿತು, ಕರಾರೂ ಮುಗಿಯಿತು. ಆಸ್ಪತ್ರೆಯ ಬಿಲ್ಲು ಮಾತ್ರ ಉಳಿಯಿತು. ಆಗ ಬಂದವರು ಗೌತಮಪುರದ ಅಣ್ಣಂದಿರು. ಹಲಸೂರಿನ ಆ ಬೀದಿಗಳಲ್ಲಿ ಪೆಲೆಯ ಪ್ರತಿಮೆ ಇದೆ. ನಾನು ಅಲ್ಲಿಯವನಲ್ಲ, ಆಡಲು ಹೋಗುತ್ತಿದ್ದೆ ಅಷ್ಟೇ. ಆದರೂ ಮನೆಮನೆಗೆ ಹೋಗಿ ದುಡ್ಡು ಕೂಡಿಸಿದರು. ಕೊಟ್ಟವರ ಪಟ್ಟಿ ಕೇಳಿದರೆ ಇವತ್ತಿಗೂ ಕೊಡುತ್ತಿಲ್ಲ.

ಅವರಲ್ಲೊಬ್ಬರು ವಯಸ್ಸಾದವರು ವಾರವಾರ ಮನೆಗೆ ಬರುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಗೋಲು ಹೊಡೆದ ನಮ್ಮ ಮೈಸೂರು ತಂಡದ ರಾಮನ್ ಬಗ್ಗೆ ಹೇಳುತ್ತಿದ್ದರು. ನಮ್ಮವರಲ್ಲಿ ಹೆಚ್ಚಿನವರು ಆಗ ಬರಿಗಾಲಲ್ಲೇ ಆಡಿದ್ದರು ಅನ್ನುತ್ತಿದ್ದರು. ಹೇಳಿದ್ದನ್ನೇ ಹೇಳುತ್ತಿದ್ದರು, ನನಗೆ ಬೇಜಾರಾಗಲಿಲ್ಲ. ಯಾವಾಗ ವಾಪಸ್ ಆಡ್ತೀಯಾ ಅಂತ ಒಂದು ಸಲವೂ ಕೇಳಲಿಲ್ಲ ಅವರು. ಬೇರೆ ಎಲ್ಲರೂ ಅದನ್ನೇ ಕೇಳುತ್ತಿದ್ದ ದಿನಗಳವು.

ನನಗೆ ಅವಸರ ಇದ್ದದ್ದು ರಾಜ್ಯ ತಂಡದ ಆಯ್ಕೆಗಾಗಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಮ್ಮ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅವತ್ತಿನಿಂದ ಆ ಜೆರ್ಸಿ ತಲೆಯಲ್ಲಿ ಕೂತುಬಿಟ್ಟಿದೆ. ಮೈಸೂರು ಅನ್ನುವ ಹೆಸರಲ್ಲಿ 1968–69ರಲ್ಲಿ ಗೆದ್ದ ಮೇಲೆ ಆ ಟ್ರೋಫಿ ನಮಗೆ ಮತ್ತೆ ಸಿಕ್ಕಿದ್ದು ಆಗಲೇ. ಟ್ರಯಲ್ಸ್ ಹತ್ತಿರ ಬಂದಾಗ ನನ್ನ ಮಂಡಿಯಲ್ಲಿ ನೋವೇ ಇರಲಿಲ್ಲ. ಓಡುತ್ತಿದ್ದೆ, ಮೆಟ್ಟಿಲು ಹಾರುತ್ತಿದ್ದೆ.

ಫಿಸಿಯೋ ಮೇಡಂ ಒಪ್ಪಲಿಲ್ಲ. ಅವರು ಬಿಡಿಸಿ ಹೇಳಿದ್ದನ್ನು ನನ್ನ ವಯಸ್ಸಿನವರು ಕೇಳಿಸಿಕೊಳ್ಳಿ. ತೊಡೆಯ ಹಿಂಭಾಗದ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರನ್ನು, ತೆಗೆದು ಹರಿದ ಲಿಗಮೆಂಟಿನ ಜಾಗದಲ್ಲಿ ಕೂರಿಸಿರುತ್ತಾರೆ. ಮೊದಲ ಕೆಲವು ತಿಂಗಳಲ್ಲಿ ಅದು ಗಟ್ಟಿಯಾಗುವ ಬದಲು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ರಕ್ತನಾಳ ಬೆಳೆದು, ನಿಜವಾದ ಲಿಗಮೆಂಟಿನ ಹಾಗೆ ಆಗಲು ತುಂಬಾ ಕಾಲ ಬೇಕು. ನೋವು ಹೋಗುವುದು ಅದಕ್ಕಿಂತ ಎಷ್ಟೋ ಮೊದಲೇ. 9 ತಿಂಗಳ ಒಳಗೆ ಮೈದಾನಕ್ಕೆ ಇಳಿದರೆ ಮತ್ತೆ ಹರಿಯುವ ಅಪಾಯ ಜಾಸ್ತಿ. ತಿಂಗಳು ತುಂಬಿದರೂ ಸಾಲದು. ಆ ಕಾಲಿನ ಬಲ ಇನ್ನೊಂದು ಕಾಲಿನ ಬಲದ ಶೇ 90ರಷ್ಟಾದರೂ ಬರಬೇಕು, ಒಂಟಿ ಕಾಲಿನ ಜಿಗಿತದಲ್ಲೂ ಪಾಸಾಗಬೇಕು. ನಾನು ಜಗಳ ಆಡಿದೆ, ಅತ್ತುಬಿಟ್ಟೆ. ಅವರು ಅಳತೆ ತೆಗೆದು ತೋರಿಸಿ, ಮತ್ತೆ ಸ್ಕ್ವಾಟ್ ಮಾಡಿಸಿದರು. ಮೇಡಂ, ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಟ್ರಯಲ್ಸ್ ನಾನಿಲ್ಲದೆ ನಡೆದವು. ಅಮ್ಮ ಆ ವಾರ ಬೂಟುಗಳನ್ನೇ ಬಚ್ಚಿಟ್ಟಿದ್ದಳು! ಕೋಚ್ ಸರ್ ನನ್ನನ್ನು ಮನೆಯಲ್ಲಿ ಕೂರಲು ಬಿಡದೆ ಚಿಕ್ಕ ಮಕ್ಕಳ ತರಬೇತಿಗೆ ಕರೆದರು. ಹಿಂದೆ ಡಿಫೆಂಡರ್ ಎಲ್ಲಿದ್ದಾನೆ ಅಂತ ಚೆಂಡು ಬರುವ ಮೊದಲೇ ತಿರುಗಿ ನೋಡುವುದನ್ನು ಅವರಿಗೆ ಕಲಿಸುತ್ತಾ ನಾನೂ ಇನ್ನೊಮ್ಮೆ ಕಲಿತೆ. ಫಿಟ್ ಆದ ಮೇಲೂ ಸರ್ ಮೊದಲು ಬರೀ ಕೊನೆಯ ಕೆಲವು ನಿಮಿಷ ಆಡಿಸಿದರು. ಆಗ ಸಿಟ್ಟು ಬಂದಿತ್ತು. ಈಗ ಕೈ ಮುಗಿಯುತ್ತೇನೆ ಸರ್.

ಇನ್ನು ಆ ಗೋಲು. ನಮ್ಮ ವಿಂಗರ್ ತಾನೇ ಹೊಡೆಯಬಹುದಿತ್ತು, ಗೋಲ್‌ಕೀಪರ್ ಆಗಲೇ ಬಿದ್ದಿದ್ದ. ತಲೆ ಎತ್ತಿ ನನ್ನನ್ನು ನೋಡಿ ಪಾಸ್ ಕೊಟ್ಟ. ನಾನು ತಟ್ಟಿದೆ. ಮಗಾ, ಅರ್ಧ ಗೋಲು ನಿಂದು.

ರಾಜ್ಯ ತಂಡದ ಟ್ರಯಲ್ಸ್‌ಗೆ ಮುಂದಿನ ಸಲ ಹೋಗುತ್ತೇನೆ. ನನ್ನ ಮಂಡಿಯ ಬ್ರೇಸ್, ವ್ಯಾಯಾಮದ ರಬ್ಬರ್ ಬ್ಯಾಂಡ್‌ಗಳು, ಊರುಗೋಲು ಮನೆಯಲ್ಲೇ ಇವೆ, ಚೆನ್ನಾಗಿವೆ. ಯಾವ ಕ್ಲಬ್ಬಿನ ಹುಡುಗ, ಹುಡುಗಿಗೆ ಬೇಕಾದರೂ ಹೇಳಿ, ನಾನೇ ತಂದುಕೊಡುತ್ತೇನೆ.