ಸರ್ವರ್‌ಗೂ ಔಟ್‌ಟರ್ನ್ ನೋಡಿ

ಮಾನ್ಯ ಸಂಪಾದಕರೇ,

ಮಕ್ಕಳು ಎಷ್ಟು ಹೊತ್ತು ಗೇಮ್ ಆಡುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿ, ಯಾರ ಜೊತೆ ಆಡುತ್ತಾರೆ ಅಂತ ಕೇಳುವವರು ಕಡಿಮೆ. ಈ ಪತ್ರ ಅದರ ಬಗ್ಗೆ.

ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಎಂಟನೇ ಕ್ಲಾಸಿನ ನನ್ನ ಅಕ್ಕನ ಮಗ ನಮ್ಮ ಮನೆಯಲ್ಲಿ ಮೈನ್‌ಕ್ರಾಫ್ಟ್ ಆಡಲು ಕೂತಿದ್ದ. ಬೇರೆಯವರ ಜೊತೆ ಆಡಬೇಕಾದರೆ ಯಾವುದಾದರೂ ಸರ್ವರ್‌ಗೆ ಸೇರಬೇಕು. ಅಂದರೆ ಆಟ ನಡೆಸುವ ಕಂಪ್ಯೂಟರ್. ಅದು ಮುಂಬೈಯಲ್ಲೂ ಇರಬಹುದು, ಜರ್ಮನಿಯಲ್ಲೂ ಇರಬಹುದು. ಅವುಗಳ ಪಟ್ಟಿ ಹಾಕುವ ವೆಬ್‌ಸೈಟ್‌ಗಳಿವೆ. ಒಂದರಲ್ಲಿ ಮೇಲಿದ್ದ ಸರ್ವರ್ ಅನ್ನೇ ಅವನು ಆರಿಸಿದ. 312 ಜನ ಆಡುತ್ತಿದ್ದಾರೆ ಅಂತಿತ್ತು. ಒಳಗೆ ಹೋದರೆ ಬೀದಿಗಳೆಲ್ಲ ಖಾಲಿ. ಅಲ್ಲಿದ್ದ ಬೇರೆ ಲೋಕಗಳಿಗೂ ಹೋಗಿ ನೋಡಿದೆವು. ಅರ್ಧ ಗಂಟೆಯಲ್ಲಿ ಸಿಕ್ಕವರು ಇಬ್ಬರು. "ಮಾವ, ಬಾಕಿಯವರೆಲ್ಲ ಎಲ್ಲಿ?" ಅಂತ ಕೇಳಿದ. ಅವನ ಮುಖ ನೋಡಿ ಬೇಜಾರಾಯಿತು.

ಆ ಲೆಕ್ಕವನ್ನು ವೆಬ್‌ಸೈಟ್ ಎಣಿಸುವುದಿಲ್ಲ. ಸರ್ವರ್‌ನ್ನು ಕೇಳುತ್ತದೆ, ಅದು ಹೇಳಿದ್ದನ್ನೇ ಹಾಕುತ್ತದೆ. ಸರ್ವರ್ ಸುಳ್ಳು ಹೇಳಿದರೆ ಪಟ್ಟಿಯೂ ಸುಳ್ಳೇ ಅಲ್ವಾ? ವೋಟು ಲೆಕ್ಕ ಹಿಡಿಯುವ ಪಟ್ಟಿಗಳೂ ಇವೆ. ಅಲ್ಲಿ ದಿನಾ ವೋಟು ಹಾಕಿದವರಿಗೆ ಆಟದೊಳಗೆ ವಜ್ರವೋ ಇನ್ನೇನೋ ಬಹುಮಾನ ಕೊಡುವ ಸರ್ವರ್‌ಗಳು ಮೇಲೆ ಬರುತ್ತವೆ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ರೊಬಸ್ಟಾ ಕಾಫಿ ಬೆಳೆಯುವವನು. ನಮ್ಮಲ್ಲಿ 50 ಕೆ.ಜಿ. ಚೀಲ ಅಂದ ಕೂಡಲೇ ಯಾವ ವ್ಯಾಪಾರಿಯೂ ದುಡ್ಡು ಎಣಿಸುವುದಿಲ್ಲ. ಒಂದಿಷ್ಟು ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್ ನೋಡುತ್ತಾನೆ. ಚೀಲಕ್ಕೆ 26 ಕೆ.ಜಿ. ಬೀಜ ಬಿತ್ತಾ, 28 ಬಿತ್ತಾ, ಅದರ ಮೇಲೆ ರೇಟು. ಸರ್ವರ್‌ಗೂ ಅದನ್ನೇ ನೋಡಬೇಕು. ಸೇರಿದವರಲ್ಲಿ ಎಷ್ಟು ಜನ ಅರ್ಧ ಗಂಟೆ ಉಳಿದರು? ಎಷ್ಟು ಜನ ಮಾರನೇ ದಿನ ಮತ್ತೆ ಬಂದರು? ಇದನ್ನು ಸರ್ವರ್ ಬಾಯಲ್ಲಿ ಕೇಳಬೇಕಾಗಿಲ್ಲ. ಆಡುವವನ ಕಂಪ್ಯೂಟರೇ ಹೇಳಬಲ್ಲದು.

ಇನ್ನೊಂದು, ಪಿಂಗ್. ನಾವು ಬಟನ್ ಒತ್ತಿದ್ದು ಸರ್ವರ್‌ಗೆ ಮುಟ್ಟಿ, ಉತ್ತರ ವಾಪಸ್ ಬರಲು ಹಿಡಿಯುವ ಸಮಯ. ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸರ್ವರ್ ಸಿಂಗಪುರದಲ್ಲಿದೆ ಅಂದುಕೊಳ್ಳಿ, ಅದು ಇಲ್ಲಿಂದ ಸುಮಾರು 3,300 ಕಿ.ಮೀ. ನೇರ ಗೆರೆ ಎಳೆದರೂ ಹೋಗಿ ಬರಲು 33 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಇನ್ನೂ ಜಾಸ್ತಿ. ವೆಬ್‌ಸೈಟ್ ಎಲ್ಲೋ ಯುರೋಪಿನಲ್ಲಿ ಕೂತು ಅಳೆದ ಪಿಂಗ್ ಕೊಡಗಿನವರಿಗೆ ಯಾಕೆ? ನಮ್ಮ ಮನೆಯಿಂದಲೇ ಅಳೆಯಬೇಕು. ಒಂದೇ ಸಲ ಅಳೆದರೂ ಸಾಲದು. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಎಳೆದಾಡುವಾಗ ಪಿಂಗ್ ಒಂದು ಕ್ಷಣ 60 ಮಿಲಿಸೆಕೆಂಡ್, ಮರುಕ್ಷಣ 400. ಮೈನ್‌ಕ್ರಾಫ್ಟ್‌ನಲ್ಲಿ ಪಿಂಗ್ 150ಕ್ಕಿಂತ ಕಡಿಮೆ ಇದ್ದರೆ ಸರ್ವರ್ ಹೆಸರಿನ ಪಕ್ಕ ಐದೂ ಹಸಿರು ಗೆರೆ ಬರುತ್ತವೆ. 20 ಇದ್ದರೂ ಐದೇ, 140 ಇದ್ದರೂ ಐದೇ. ಕತ್ತಿ ಹಿಡಿದು ಎದುರು ನಿಂತಾಗ ಹುಡುಗರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಹತ್ತು ಸಲ ಅಳೆದು, ಏರಿಳಿತ ಕಡಿಮೆ ಇರುವುದನ್ನು ಪಟ್ಟಿಯಲ್ಲಿ ಮೇಲಿಡಿ.

ನಾನೂ ಮನೆಯ ಹಳೇ ಕಂಪ್ಯೂಟರಿನಲ್ಲಿ ಒಂದು ಸರ್ವರ್ ನಡೆಸುತ್ತೇನೆ. ಕುಶಾಲನಗರ, ನಾಪೋಕ್ಲು, ಸಿದ್ದಾಪುರದ ಒಂಬತ್ತು ಮಕ್ಕಳು ಆಡುತ್ತಾರೆ. ಕೆಟ್ಟ ಮಾತು ಬರೆದವರನ್ನು ಹೊರಗೆ ಹಾಕುತ್ತೇನೆ. ಪಟ್ಟಿಯ ವೆಬ್‌ಸೈಟ್‌ನಲ್ಲಿ 'ಖಾಲಿ ಸರ್ವರ್ ತೋರಿಸಬೇಡ' ಅನ್ನುವ ಫಿಲ್ಟರ್ ಒತ್ತಿದರೆ ಬೆಳಗಿನ ಹೊತ್ತು ನಮ್ಮದು ಮಾಯ. ಕಾಣದಿದ್ದರೆ ಹೊಸಬರು ಬರುವುದಿಲ್ಲ, ಬರದಿದ್ದರೆ ಅದು ಖಾಲಿಯೇ. ಪಟ್ಟಿ ಮಾಡುವವರು ಹತ್ತರಲ್ಲಿ ಒಂದು ಜಾಗವನ್ನಾದರೂ ಹತ್ತಿರದ, ಚಿಕ್ಕ ಸರ್ವರ್‌ಗೆ ಬಿಡಬೇಕು. ಬೈಗುಳ ತಡೆಯುವವರು ಇದ್ದಾರಾ ಅನ್ನುವುದಕ್ಕೂ ಒಂದು ಫಿಲ್ಟರ್ ಬೇಕು. ಅಪ್ಪ ಅಮ್ಮಂದಿರು ಮೊದಲು ಒತ್ತುವುದು ಅದನ್ನೇ.

ಆ ರಜೆಯಲ್ಲಿ ನಾನೂ ಅವನೂ ತೋಟದ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಮ್ಮದೇ ಪಟ್ಟಿ ಬರೆದೆವು. ಹೆಸರು, ಹೊತ್ತು, ಪಿಂಗ್, ಓಡಾಡುತ್ತಿದ್ದವರು ಎಷ್ಟು. ಹದಿನೇಳರಲ್ಲಿ ನಾಲ್ಕು ಉಳಿದವು. ಅದರಲ್ಲೊಂದು ವೆಬ್‌ಸೈಟಿನ ಒಂಬತ್ತನೇ ಪುಟದಲ್ಲಿತ್ತು. ಹನ್ನೊಂದು ಜನ ಅಂತ ಬರೆದಿತ್ತು. ಇವನು ಹಾಯ್ ಅಂದ. ಹನ್ನೊಂದೂ ಜನ ಉತ್ತರ ಕೊಟ್ಟರು.

– ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು