ಚಾಸಿ ಓಡದೆ ಬಾಯ್ಲರ್ ಏರಿಸಬೇಡ

ದಾವಣಗೆರೆ

ಚಿರಂಜೀವಿ ಪುಟ್ಟುವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಚಿತ್ರದುರ್ಗದಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನೀನು ಫೋನಿಗೆ ಕಳುಹಿಸಿದ ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಇಂಗ್ಲೆಂಡಿನಿಂದ ತರಿಸಿಕೊಂಡ ಆರು ಚಕ್ರದ ಉಗಿಬಂಡಿಯ ಸಣ್ಣ ಮಾದರಿಯ ಕಿಟ್‌ನಲ್ಲಿ ಕ್ಯಾಬ್ (ಚಾಲಕ ನಿಲ್ಲುವ ಗೂಡು) ಮತ್ತು ಬಾಯ್ಲರನ್ನು ನೀನು ಚೆನ್ನಾಗಿಯೇ ಕಟ್ಟಿದ್ದೀಯ. ಹಿತ್ತಾಳೆ ತಗಡಿನ ಹಿಂಬದಿಯಿಂದ ಒತ್ತಿ ಎಬ್ಬಿಸಿದ ರಿವೆಟ್‌ಗಳ ಸಾಲು ಎಲ್ಲಿಯೂ ಡೊಂಕಾಗಿಲ್ಲ. ಆದರೆ ಚಾಸಿಯ, ಅಂದರೆ ತಳದ ಚೌಕಟ್ಟಿನ, ಚಕ್ರಗಳು ಸಿಕ್ಕಿಕೊಳ್ಳುತ್ತಿವೆಯೆಂದೂ, ಮೋಟಾರ್ ಕೂಡಿಸಿದರೆ ಅದೇ ಎಳೆದುಕೊಂಡು ಹೋದೀತೆಂದೂ ಬರೆದಿದ್ದೀಯಲ್ಲ, ಆ ಮಾತಿಗಾಗಿಯೇ ಈ ಪತ್ರ. ಮೋಟಾರ್ ಎಳೆಯುವುದಿಲ್ಲ. ಎಳೆದರೂ ಬಂಡಿ ಕುಂಟುತ್ತಾ ಹೋಗುತ್ತದೆ, ಮೋಟಾರ್ ಬಿಸಿಯೇರುತ್ತದೆ, ಕೊನೆಗೆ ನೀನು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಸುಮ್ಮನಾಗುತ್ತೀಯ.

ಮೀಟರ್ ಗೇಜಿನ ಕಾಲದಲ್ಲಿ ಚಿಕ್ಕಜಾಜೂರಿನಲ್ಲಿ ಇಳಿದು ನಿಮ್ಮೂರಿನ ಗಾಡಿಗೆ ಕಾಯುವಾಗಲೆಲ್ಲ ನಾನು ಉಗಿಬಂಡಿಯ ಚಕ್ರಗಳ ಪಕ್ಕವೇ ಹೋಗಿ ನಿಲ್ಲುತ್ತಿದ್ದೆ. ಈಚೆ ಬದಿಯ ರಾಡ್ ಪೂರ್ತಿ ಮುಂದಕ್ಕೆ ಬಂದಿದ್ದರೆ ಆಚೆ ಬದಿಯದು ಮೇಲೆಯೋ ಕೆಳಗೆಯೋ ಇರುತ್ತಿತ್ತು. ಎರಡು ಸಿಲಿಂಡರಿನ ಬಂಡಿಯಲ್ಲಿ ಎರಡೂ ಬದಿಯ ಕ್ರ್ಯಾಂಕುಗಳ (ರಾಡು ಚಕ್ರವನ್ನು ತಿರುಗಿಸುವ ತೋಳುಗಳ) ನಡುವೆ ಕಾಲು ಸುತ್ತಿನ ಅಂತರವಿಡುವುದು ಏಕೆಂದರೆ, ಒಂದು ಪಿಸ್ಟನ್ ತುದಿ ಮುಟ್ಟಿ ನಿಂತಾಗ ಇನ್ನೊಂದು ತಳ್ಳುವ ಸ್ಥಿತಿಯಲ್ಲಿರಬೇಕು. ಇಲ್ಲದಿದ್ದರೆ ಕೆಲವು ಕಡೆ ನಿಂತ ಬಂಡಿ ಮತ್ತೆ ಹೊರಡಲಾರದು. ನಿನ್ನ ಮಾದರಿಯಲ್ಲಿ ಉಗಿಯಿಲ್ಲ, ಮೋಟಾರಿನ ತಿರುಪಿನಂಥ ವರ್ಮ್ ಗೇರ್ ಒಂದೇ ಆಕ್ಸಲನ್ನು ತಿರುಗಿಸುತ್ತದೆ, ಉಳಿದೆರಡು ಆಕ್ಸಲ್‌ಗಳು ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡುಗಳ ಮೂಲಕವೇ ತಿರುಗಬೇಕು. ಆದ್ದರಿಂದ ಆ ಕಾಲು ಸುತ್ತಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ, ಮೂರೂ ಆಕ್ಸಲ್‌ಗಳಲ್ಲಿ ಅದು ಒಂದೇ ಆಗಿರಬೇಕು. ಇದನ್ನು ಅರ್ಥ ಮಾಡಿಕೊಳ್ಳದೆ ತೊಂಬತ್ತು ಡಿಗ್ರಿಯನ್ನೇ ಹಿಡಿದು ಒದ್ದಾಡುವವರು ಬಹಳ.

ಈಗ ನೀನು ಮಾಡಬೇಕಾದದ್ದು ಇಷ್ಟು. ಮೋಟಾರ್ ಮತ್ತು ಗೇರನ್ನು ತೆಗೆದು ಪಕ್ಕಕ್ಕಿಡು. ಕನ್ನಡಿ ಗಾಜಿನ ತುಂಡಿನ ಮೇಲೆ ಚಾಸಿಯನ್ನು ನಿಲ್ಲಿಸಿ ಆರೂ ಚಕ್ರಗಳು ಗಾಜನ್ನು ಮುಟ್ಟುತ್ತವೆಯೇ ನೋಡು. ಒಂದು ಮೂಲೆ ಕುಣಿದರೆ ಚಾಸಿಯ ಎರಡು ಬದಿಯ ಫ್ರೇಮುಗಳೇ ತಿರುಚಿಕೊಂಡಿವೆ ಎಂದರ್ಥ, ಆಗ ಅವನ್ನು ಸೇರಿಸುವ ಅಡ್ಡತಗಡಿನ ಬೆಸುಗೆಯನ್ನು ಕರಗಿಸಿ ಮೂಲೆಮಟ್ಟ ಹಿಡಿದು ಮತ್ತೆ ಕೂಡಿಸುವುದೊಂದೇ ದಾರಿ. ಗಾಜಿನ ಪರೀಕ್ಷೆಯಲ್ಲಿ ಪಾಸಾದರೆ ರಾಡುಗಳನ್ನು ಒಂದೊಂದಾಗಿ ಹಾಕು, ಎಲ್ಲವನ್ನೂ ಒಟ್ಟಿಗೆ ಹಾಕಬೇಡ. ಒಂದೊಂದು ಹಾಕಿದಾಗಲೂ ಬೆರಳಿನಿಂದ ನಿಧಾನವಾಗಿ ತಳ್ಳಿ, ಸುತ್ತಿನಲ್ಲಿ ಯಾವ ಜಾಗದಲ್ಲಿ ಹಿಡಿಯುತ್ತದೆ ಎಂಬುದನ್ನು ಗಮನಿಸು, ಏಕೆಂದರೆ ದೋಷ ಯಾವುದೆಂದು ಆ ಜಾಗವೇ ಹೇಳುತ್ತದೆ. ಒಂದು ಬದಿಯ ಚಕ್ರಗಳಲ್ಲಿ ರಾಡು ಕೂರುವ ಕ್ರ್ಯಾಂಕ್ ಪಿನ್ನುಗಳು ನೇರ ಮುಂದಕ್ಕೋ ನೇರ ಹಿಂದಕ್ಕೋ ಬಂದಾಗ ಹಿಡಿದರೆ, ಆ ಬದಿಯ ರಾಡಿನ ರಂಧ್ರಗಳ ದೂರಕ್ಕೂ ಆಕ್ಸಲ್‌ಗಳ ದೂರಕ್ಕೂ ತಾಳೆಯಾಗುತ್ತಿಲ್ಲ. ಅದರ ನಡುವೆ, ಓರೆಯಾದ ಸ್ಥಿತಿಯಲ್ಲಿ ಹಿಡಿದರೆ ಯಾವುದೋ ಒಂದು ಆಕ್ಸಲಿನ ಚಕ್ರ ತನ್ನ ಜೋಡಿಗಿಂತ ತುಸು ತಿರುಗಿ ಕುಳಿತಿದೆ.

ರಂಧ್ರಗಳನ್ನೆಲ್ಲ ರೀಮರಿನಿಂದ (ರಂಧ್ರ ಅಗಲಿಸುವ ಉಪಕರಣದಿಂದ) ಸಡಿಲ ಮಾಡಿಬಿಟ್ಟರೆ ಕೆಲಸ ಮುಗಿಯಿತೆಂದು ನಿನಗೆ ಯಾರೋ ಹೇಳಿದ್ದಾರೆಂದು ಕಾಣುತ್ತದೆ. ಪಿನ್ನು ಸರಾಗವಾಗಿ ಆಡುವಷ್ಟು ಸಡಿಲ ಬೇಕೇ ಬೇಕು, ಆದರೆ ದೋಷವನ್ನು ಪತ್ತೆ ಮಾಡದೆ ರಂಧ್ರ ಅಗಲಿಸುವವನು ದೋಷವನ್ನು ಮುಚ್ಚಿದನೇ ಹೊರತು ತೆಗೆಯಲಿಲ್ಲ. ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ನನಗೆ ಈ ಚಟ ಚೆನ್ನಾಗಿ ಗೊತ್ತು, ಏಕೆಂದರೆ ಮೊದಮೊದಲು ನಾನೂ ಅದನ್ನೇ ಮಾಡುತ್ತಿದ್ದೆ. ರಾಡುಗಳೆಲ್ಲ ಕೂಡಿದ ಮೇಲೆ ಸ್ವಲ್ಪವೇ ಇಳಿಜಾರಾದ ಹಲಗೆಯ ಮೇಲಿಟ್ಟರೆ ಚಾಸಿ ತಾನಾಗಿ ಉರುಳಿಕೊಂಡು ಹೋಗಬೇಕು. ಅಲ್ಲಿಯವರೆಗೆ ಮೋಟಾರಿನ ಸುದ್ದಿ ಬೇಡ.

ಬೆಸುಗೆಯ ವಿಷಯದಲ್ಲಿ ಒಂದು ಮಾತು. ಚಿಮಣಿ, ಡೋಮ್ ಮುಂತಾದ ವೈಟ್ ಮೆಟಲ್ (ಬೇಗ ಕರಗುವ ಮೃದು ಲೋಹದ) ಎರಕಗಳನ್ನು ನೀನಿನ್ನೂ ಮುಟ್ಟಿಲ್ಲವೆಂದು ತಿಳಿದು ಸಮಾಧಾನವಾಯಿತು. ನನ್ನ ಮೊದಲ ಬಂಡಿಯಲ್ಲಿ ಹಿತ್ತಾಳೆಗೆ ಬಳಸುತ್ತಿದ್ದ ಬಿಸಿ ಬೆಸುಗೆ ಐರನ್ನನ್ನೇ ಚಿಮಣಿಗೂ ತಾಗಿಸಿದೆ. ನೋಡನೋಡುತ್ತಿದ್ದಂತೆ ಅದರ ಅಂಚು ಮೇಣದಂತೆ ಇಳಿದುಹೋಯಿತು. ಆ ಎರಕಗಳಿಗೆ ಸುಮಾರು 70 ಡಿಗ್ರಿಯಲ್ಲಿ ಕರಗುವ ಸೋಲ್ಡರ್ (ಬೆಸುಗೆ ಲೋಹ) ಬೇರೆಯೇ ಇದೆ. ಆದರೆ ಅದು ಬರಿಯ ಹಿತ್ತಾಳೆಗೆ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ಹಿತ್ತಾಳೆಯ ಆ ಜಾಗಕ್ಕೆ ಮೊದಲು ಸಾಮಾನ್ಯ ಸೋಲ್ಡರನ್ನು ತೆಳ್ಳಗೆ ಸವರಬೇಕು, ಹಿಂದೆ ಬೀದಿಯಲ್ಲಿ ತಿದಿ ಹೂಡಿ ಕುಳಿತವರು ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಹಾಗೆ. ದೊಡ್ಡ ತಗಡುಗಳಿಗೆ ಹೆಚ್ಚು ಶಾಖದ ಸುಮಾರು 188 ಡಿಗ್ರಿಯ ಸೋಲ್ಡರ್, ಅದರ ಮೇಲೆ ಕೂರಿಸುವ ಸಣ್ಣ ತುಣುಕುಗಳಿಗೆ 145ರದು, ಕೊನೆಗೆ ಎರಕಗಳಿಗೆ 70ರದು ಎಂಬ ಕ್ರಮದಲ್ಲಿ ಇಳಿಯುತ್ತಾ ಹೋದರೆ ಹಿಂದೆ ಹಾಕಿದ ಬೆಸುಗೆ ಬಿಚ್ಚಿಕೊಳ್ಳುವುದಿಲ್ಲ. ಸೋಲ್ಡರಿನಲ್ಲಿ ಸೀಸವಿರುತ್ತದೆ, ಕಿಟಕಿ ತೆರೆದಿಡು, ಕೈ ತೊಳೆಯದೆ ತಿಂಡಿ ಮುಟ್ಟಬೇಡ.

ಬೆಸುಗೆ ಹಿಡಿಯಲು ಸವರುವ ಫ್ಲಕ್ಸ್ ಆಮ್ಲವಾದ್ದರಿಂದ ದಿನದ ಕೆಲಸ ಮುಗಿದೊಡನೆ ಸೋಪಿನ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆ. ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಬಣ್ಣ ಹಚ್ಚುವ ಮುನ್ನ ಹುಣಸೆಹಣ್ಣಿನ ರಸದಲ್ಲಿ ಉಜ್ಜಿ, ಬಳಿಕ ಬರಿಯ ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಹಿತ್ತಾಳೆ ನಿನ್ನ ದೊಡ್ಡಮ್ಮನ ದೇವರ ದೀಪದಂತೆ ಹೊಳೆಯುತ್ತದೆ. ಈ ಉಪಾಯ ಅವಳದೇ. ಅವಳ ಬ್ರಷ್ಷನ್ನು ನಾನು ಒಮ್ಮೆ ಕೇಳದೆ ತೆಗೆದುಕೊಂಡು ಬೈಸಿಕೊಂಡದ್ದರ ಫಲ ಅದು.

ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್ ಅಂತರವಿರುವ ಈಗಿನ ಅಳತೆಯ ಬದಲು, ನಿಜವಾದ ಹಳಿಗೆ ಸರಿಯಾದ ಪ್ರಮಾಣದ 18.83 ಮಿಲಿಮೀಟರಿಗೆ ಚಕ್ರಗಳನ್ನು ಬದಲಿಸಲೇ ಎಂದು ಕೇಳಿದ್ದೀಯ. ಈ ಬಂಡಿಗೆ ಬೇಡ, ಮುಂದಿನದಕ್ಕೆ ನೋಡೋಣ.

ಭಾನುವಾರ ಬಸ್ಸಿಗೆ ಬರುವಾಗ ಬಾಯ್ಲರ್, ಕ್ಯಾಬ್ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಚಾಸಿ, ಚಕ್ರ ಮತ್ತು ರಾಡುಗಳನ್ನು ಮಾತ್ರ ಹತ್ತಿಯಲ್ಲಿ ಸುತ್ತಿ ತಾ. ಗಾಜು, ಮೂಲೆಮಟ್ಟ, ಸಣ್ಣ ಅರಗಳು ನನ್ನಲ್ಲಿವೆ.

ಇತಿ,
ನಿನ್ನ ದೊಡ್ಡಪ್ಪ