ಗಂಡುದನಿಯವಳೊಬ್ಬಳ ಕೃತಜ್ಞತೆ

ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ನನ್ನ ದನಿ ಪೂರ್ತಿ ಕೈಕೊಟ್ಟಿತ್ತು ಎಂಬುದು ನಮ್ಮ ಅಪಾರ್ಟ್‌ಮೆಂಟಿನ ಬಹುತೇಕರಿಗೆ ಗೊತ್ತು. ಈ ಸಲದ ಗಣೇಶೋತ್ಸವದಲ್ಲಿ ಮೈಕು ಹಿಡಿದು ಎರಡು ಹಾಡು ಹಾಡಿ ಮುಗಿಸಿದೆ. ಹತ್ತಿರ ಬಂದು ಮಾತನಾಡಿಸಿದವರಿಗೆಲ್ಲ ಅಲ್ಲಿಯೇ ಧನ್ಯವಾದ ಹೇಳಿಯಾಗಿದೆ. ಬಾಕಿ ಉಳಿದಿರುವುದು ಅಲ್ಲಿರದ, ನನ್ನ ಗುರುತೇ ಇಲ್ಲದ ಒಬ್ಬರಿಗೆ. ಅವರು ಪಾಪ್ ಗಾಯಕಿ ಉಷಾ ಉತ್ತುಪ್.

ಹುಟ್ಟಿನಿಂದಲೂ ನನ್ನದು ಗಂಡುದನಿ. ಚಾಮರಾಜಪೇಟೆಯ ಸಂಗೀತ ಪಾಠದಲ್ಲಿ ಮೇಡಂ ಹೆಣ್ಣುಮಕ್ಕಳಿಗೆಂದು ಶ್ರುತಿಪೆಟ್ಟಿಗೆಯನ್ನು ಐದೂವರೆ ಮನೆಗೆ, ಅಂದರೆ ಎತ್ತರದ ಶ್ರುತಿಗೆ ಇಟ್ಟರೆ, ಪಂಚಮ ದಾಟುವಷ್ಟರಲ್ಲಿ ನನ್ನ ಸ್ವರ ಒಡೆದುಹೋಗುತ್ತಿತ್ತು. ಕೊನೆಗೆ ಅವರು ಅಮ್ಮನನ್ನು ಕರೆಸಿ, 'ಇವಳಿಗೆ ವೀಣೆ ಕಲಿಸಿಬಿಡಿ' ಎಂದರು. ಒಳ್ಳೆಯ ಮನಸ್ಸಿನವರೇ. ಶ್ರುತಿ ಇಳಿಸಬಹುದೆಂಬ ಯೋಚನೆ ಮಾತ್ರ ಯಾರ ತಲೆಗೂ ಬರಲಿಲ್ಲ. ಮುಂದೆ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಾಗ 'ಸಾರ್, ದಾವಣಗೆರೆಗೆ ಲೈನ್ ಕೊಡಿ' ಎನ್ನುವವರೇ ಹೆಚ್ಚು. ತಿದ್ದುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಗದರಿದರೆ ಸಾಹೇಬರೇ ಗದರಿದಂತಾಗಿ ಆ ಕಡೆಯವರು ತೆಪ್ಪಗಾಗುತ್ತಿದ್ದರು. ರಾತ್ರಿ ಪಾಳಿಯಲ್ಲಿ ಅದೂ ಒಂದು ಅನುಕೂಲವೇ.

ಮುಂಬೈಯಲ್ಲಿ ಬೆಳೆದ ಉಷಾ ಅವರನ್ನೂ ಶಾಲೆಯ ಹಾಡಿನ ತರಗತಿಯಿಂದ ಹೊರಗಿಟ್ಟಿದ್ದರಂತೆ. ಕಾರಣ ಅದೇ, ದಪ್ಪ ದನಿ. ಶಾಸ್ತ್ರೀಯ ಶಿಕ್ಷಣ ಅವರಿಗೆ ಸಿಗಲೇ ಇಲ್ಲ. ಆದರೆ ಅವರು ವೀಣೆ ಹಿಡಿದು ಕೂರಲಿಲ್ಲ. 1969ರಲ್ಲಿ ಚೆನ್ನೈಯ ಮೌಂಟ್ ರಸ್ತೆಯ 'ನೈನ್ ಜೆಮ್ಸ್' ಎಂಬ ನೈಟ್‌ಕ್ಲಬ್ಬಿನಲ್ಲಿ ಸೀರೆ ಉಟ್ಟು ನಿಂತು, ಅದೇ ದನಿಯಲ್ಲಿ ಇಂಗ್ಲಿಷ್ ಹಾಡು ಹಾಡಿದರು. ಅಲ್ಲಿಂದ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ 'ಟ್ರಿಂಕಾಸ್'ಗೆ ಹೋದರು; ಆ ಊರೇ ಮನೆಯಾಯಿತು.

ಆ ಸೀರೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದು ಇಂದಿನ ಮಕ್ಕಳಿಗೆ ತಿಳಿಯುವುದು ಕಷ್ಟ. ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಬ್ಯಾಂಡು, ಗಿಟಾರು, ಕುಣಿತ ಎಲ್ಲವೂ ದಂಡಿನ ಕಡೆ, ಎಂ.ಜಿ. ರಸ್ತೆ ಬ್ರಿಗೇಡ್ ರಸ್ತೆಗಳ ಹೋಟೆಲುಗಳಲ್ಲಿ. ನಮ್ಮ ಕಡೆ ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕಛೇರಿ. ಅಪ್ಪ ಊಟ ಬಿಟ್ಟಾರು, ಆ ಕಛೇರಿ ಬಿಡುವವರಲ್ಲ. ರೇಡಿಯೊದಲ್ಲಿ ಡ್ರಮ್ಮಿನ ಸದ್ದು ಬಂದರೆ ಎದ್ದು ಗುಂಡಿ ತಿರುಗಿಸುವವರು. ಆಮೇಲೆ ಮನೆಗೆ ಟಿ.ವಿ. ಬಂತು. ದೂರದರ್ಶನದಲ್ಲಿ ಒಂದು ಸಂಜೆ ಉಷಾ ಕಾಣಿಸಿಕೊಂಡರು: ಅಗಲ ಅಂಚಿನ ಕಂಚಿ ಸೀರೆ, ಹಣೆ ತುಂಬ ಬೊಟ್ಟು, ಮುಡಿಗೆ ಹೂವು, ಕೈ ತುಂಬ ಬಳೆ. ಅಪ್ಪ 'ಇದೂ ಒಂದು ಸಂಗೀತವೇ?' ಎಂದು ಏಳಲು ಹೊರಟರು. ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದ ಅಮ್ಮ, 'ಇರಿ ಸ್ವಲ್ಪ, ಸೆರಗು ನೋಡಬೇಕು' ಎಂದರು. ಅಪ್ಪ ಕೂತರು. ಅಮ್ಮ ಸೆರಗು ನೋಡಿದರು, ನಾನು ದನಿ ಕೇಳಿದೆ. ನನ್ನಂಥದೇ ದನಿ, ಇಡೀ ದೇಶದ ಮುಂದೆ, ಒಂದಿಷ್ಟೂ ಸಂಕೋಚವಿಲ್ಲದೆ. ಅಂದಿನಿಂದ ನಮ್ಮ ಮನೆಯಲ್ಲಿ 'ಪಾಪ್' ಎಂಬುದು ಬೈಗುಳವಾಗಿ ಉಳಿಯಲಿಲ್ಲ.

ಸಿನಿಮಾ ಅವರನ್ನು ಅಷ್ಟಾಗಿ ಬಳಸಿಕೊಳ್ಳಲಿಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ. ನಾಯಕಿಗೆ ಕೀರಲು ಕೊರಳೇ ಬೇಕೆಂದು ಹಟ ಹಿಡಿದ ಕಾಲ ಅದು. 1980ರ 'ಹರಿ ಓಂ ಹರಿ', ಮರುವರ್ಷದ 'ರಂಭಾ ಹೋ', ಎರಡಕ್ಕೂ ಬಪ್ಪಿ ಲಾಹಿರಿ ಸಂಗೀತ. ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದೇನೆ. ಆದರೂ ಆ ಹಾಡುಗಳಿಂದ ಅವರನ್ನು ಅಳೆಯುವುದು ಸರಿಯಲ್ಲ. ಅವರು ವೇದಿಕೆಯವರು. ಹತ್ತಾರು ಭಾಷೆಗಳಲ್ಲಿ, ಕೆನ್ಯಾಕ್ಕೆ ಹೋದರೆ ಸ್ವಾಹಿಲಿಯಲ್ಲಿ, ಎದುರಿಗಿರುವವರ ಮಾತಿನಲ್ಲೇ ಹಾಡಿ ಅವರನ್ನು ತಮ್ಮವರನ್ನಾಗಿ ಮಾಡಿಕೊಳ್ಳುವವರು. ಸಿನಿಮಾದ ಫಿಲ್ಮ್‌ಫೇರ್ ಪ್ರಶಸ್ತಿ ಬಂದದ್ದು 2012ರಲ್ಲಿ, ವಯಸ್ಸು 60 ದಾಟಿದ ಮೇಲೆ. ಅಷ್ಟು ಹೊತ್ತಿಗೆ ಅವರಿಗೆ ಪದ್ಮಶ್ರೀಯೇ ಬಂದಾಗಿತ್ತು!

ಮೃದು ಹೆಂಗಸೆಂದೂ ತಿಳಿಯಬೇಡಿ. 80ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳದ ಸಚಿವರೊಬ್ಬರು ಇವರ ಹಾಡು ಸಂಸ್ಕೃತಿಗೆ ಕೇಡು ಎಂದು ಸರ್ಕಾರಿ ಸಭಾಂಗಣದ ಬಾಗಿಲು ಮುಚ್ಚಿಸಿದಾಗ ನೇರ ನ್ಯಾಯಾಲಯಕ್ಕೆ ಹೋದರು, ಗೆದ್ದರು. ಆಮೇಲೂ ಹಣೆಯ ಬೊಟ್ಟಿನಲ್ಲಿ ಕೋಲ್ಕತ್ತದ ಗುರುತಾಗಿ ಬಂಗಾಳಿ ಅಕ್ಷರ 'ಕ' ಇಟ್ಟುಕೊಂಡೇ ಓಡಾಡಿದರು. ಸೀರೆಯಡಿ ಹಾಕುವುದು ಕಂಚಿ ಅಂಚನ್ನೇ ಹೊಲಿದ ಕ್ಯಾನ್ವಾಸ್ ಬೂಟು. ಗಂಟೆಗಟ್ಟಲೆ ನಿಂತು ಹಾಡುವವರ ವಿವೇಕ ಎಂದರೆ ಅದು.

ಇನ್ನು ನನ್ನ ಗಂಟಲಿನ ವಿಷಯ. ದನಿಪೆಟ್ಟಿಗೆಯನ್ನು ಆಡಿಸುವ ನರ ಥೈರಾಯ್ಡ್ ಗ್ರಂಥಿಗೆ ಅಂಟಿಕೊಂಡಂತೆಯೇ ಹಾದುಹೋಗುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯ ನಂತರ ಅದು ಮುನಿಸಿಕೊಳ್ಳುತ್ತದೆ, ನನಗೂ ಹಾಗೇ ಆಯಿತು. ಬಾಯಿ ತೆರೆದರೆ ಬರೀ ಗಾಳಿ. ಹಾಲಿನವನನ್ನು ಕರೆಯಲು ಚಪ್ಪಾಳೆ ತಟ್ಟುತ್ತಿದ್ದೆ. ವಾಕ್ ಚಿಕಿತ್ಸೆ ಕೊಟ್ಟ ಹುಡುಗಿ ಒಂದು ವ್ಯಾಯಾಮ ಹೇಳಿಕೊಟ್ಟಳು: ಅರ್ಧ ಲೋಟ ನೀರು, ಅದರಲ್ಲಿ ಸ್ಟ್ರಾ, ತುಟಿ ಬಿಗಿಹಿಡಿದು 'ಊ' ಎನ್ನುತ್ತ ಊದಬೇಕು, ಗುಳ್ಳೆಗಳು ನಿಲ್ಲದೆ ಒಂದೇ ಸಮನೆ ಏಳಬೇಕು. ಬೇಸರದ ಕೆಲಸ. ನಾಲ್ಕನೆಯ ಊದಿಗೇ ತಲೆ ಗಿರ್ರೆನ್ನುತ್ತಿತ್ತು. ಕೊನೆಗೆ ಬರೀ 'ಊ' ಬಿಟ್ಟು 'ರಂಭಾ ಹೋ' ಧಾಟಿಯನ್ನೇ ಲೋಟಕ್ಕೆ ಊದತೊಡಗಿದೆ. ನೀರು ಮೂಗಿಗೆ ಸಿಡಿಯುತ್ತಿತ್ತು, ಮೊಮ್ಮಗ ಬಿದ್ದು ಬಿದ್ದು ನಗುತ್ತಿದ್ದ. ಆ ಹುಡುಗಿ ನಕ್ಕರೂ ಬೇಡವೆನ್ನಲಿಲ್ಲ. 'ಮೇಲಿನ ಸ್ವರಕ್ಕೆ ಒದ್ದಾಡಬೇಡಿ ಆಂಟಿ, ಎಲ್ಲಿ ಸುಲಭವೋ ಅಲ್ಲೇ ಹಾಡಿ' ಎಂದಳು. ಈ ಮಾತನ್ನು ನನಗೆ ಹೇಳಿದವರಲ್ಲಿ ಅವಳೇ ಮೊದಲಿಗಳು. ಹಾಡಿ ತೋರಿಸಿದವರು ಬಹಳ ಹಿಂದೆಯೇ ಇದ್ದರು.

2024ರಲ್ಲಿ ಉಷಾ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷದ ಜುಲೈನಲ್ಲಿ ಪತಿ ಜಾನಿ ಚಾಕೊ ಉತ್ತುಪ್ ತೀರಿಕೊಂಡರು. ಆ ದುಃಖದ ನಂತರವೂ ಅವರು ವೇದಿಕೆ ಬಿಡಲಿಲ್ಲ. ಉಷಾ ಅವರೇ, ನನ್ನಂಥವರು ಈ ಊರಿನ ಬೀದಿಬೀದಿಯಲ್ಲಿ ಇದ್ದಾರು. ಪ್ರಾರ್ಥನೆಯ ಸಾಲಿನಲ್ಲಿ ಬಾಯಿ ಆಡಿಸಿ ಸುಮ್ಮನಾದವರು. ನಿಮ್ಮಿಂದ ನಮಗೆಷ್ಟು ಉಪಕಾರವಾಗಿದೆ ಎಂಬುದನ್ನು ನಿಮಗೆ ತಿಳಿಸುವವರು ಯಾರು ಎಂದುಕೊಂಡು ಇಷ್ಟು ಬರೆದಿದ್ದೇನೆ.

ಕೀಬೋರ್ಡ್ ನುಡಿಸಿದ ಮೂರನೆಯ ಮಹಡಿಯ ಹುಡುಗನಿಗೂ ಒಂದು ಮಾತು. ಯಾಕೆ, ಏನು ಎಂದು ಕೇಳದೆ ಶ್ರುತಿಯನ್ನು ಒಂದೂವರೆ ಮನೆಗೆ ಇಳಿಸಿಕೊಟ್ಟೆಯಲ್ಲ ಮರಿ, ನಿನ್ನ ಹೊಟ್ಟೆ ತಣ್ಣಗಿರಲಿ. ರಾಜ್ಯೋತ್ಸವಕ್ಕೂ ನನ್ನ ಹೆಸರು ಬರೆಸಿದ್ದೇನೆ, ಅಭ್ಯಾಸಕ್ಕೆ ತಪ್ಪಿಸಿಕೊಳ್ಳಬೇಡ.